ಒಂದು ಮುಂಬಲ್ಲಿನ ಪ್ರಶ್ನೆ

(ಬಾನುಲಿ ಭಾಷಣ)

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಅನುಕೂಲವುಂಟು. ಅವನ ಹಲ್ಲು ಯಾರಿಗೂ ಕಾಣುವುದಿಲ್ಲ. ಆದರೆ ಹಲ್ಲು ಇಲ್ಲದೆ ಹೋದರೆ ಮಾತ್ರ ಅದು ಕೇಳುಗರ ಕಿವಿಗೆ ಕೂಡಲೇ ಬೀಳುತ್ತದೆ. ನಮ್ಮ ವೈಯಾಕರಣರು ತವರ್ಗದ ಅಕ್ಷರಗಳನ್ನು ದಂತ್ಯಗಳೆಂದೂ, ವಕಾರವನ್ನು ಹಲ್ಲು ತುಟಿಗಳೆರಡೂ ಕೂಡಿ ಹುಟ್ಟಿಸುವ ದಂತೋಷ್ಠ್ಯವೆಂದೂ ಕರೆದದ್ದು ಸುಮ್ಮನೆ ಅಲ್ಲ. ಊಟಕ್ಕೆ, ಮಾತಿಗೆ, ನಗುವಿಗೆ ಮೂರಕ್ಕೂ ಬೇಕಾದ ಅಂಗ ಅದೊಂದೇ. ಊಟದ ಹಲ್ಲು ಹಿಂದಿನದು. ಮಾತಿನ ಮತ್ತು ನಗುವಿನ ಹಲ್ಲು ಮುಂದಿನದು. ಆದ್ದರಿಂದಲೇ ದವಡೆಯ ಹಲ್ಲು ಕೆಟ್ಟರೆ ಮನುಷ್ಯ ನೋವಿನಿಂದ ಒದ್ದಾಡುತ್ತಾನೆ. ಮುಂಬಲ್ಲು ಕೆಟ್ಟರೆ ನೋವಿಲ್ಲದೆಯೂ ಒದ್ದಾಡುತ್ತಾನೆ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಂಥ ಒಂದೇ ಒಂದು ಮುಂಬಲ್ಲಿನ ವಿಷಯ. ನಾನು ದಂತವೈದ್ಯನಲ್ಲ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಸಕಲೇಶಪುರದಲ್ಲಿ ಕುಳಿತವನು. ಈ ವಿಷಯಕ್ಕೆ ನನ್ನನ್ನು ಎಳೆದು ತಂದವಳು ನನ್ನ ತಂಗಿಯ ಮಗಳು. ಆಕೆಯ ಊರು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಕಡೆ. ಮನೆಯ ಸುತ್ತ ನಾಲ್ಕಾರು ಎಕರೆ ಕಾಫಿ, ಸ್ವಲ್ಪ ಗದ್ದೆ. ಒಂಬತ್ತು ವರ್ಷದವಳಾಗಿದ್ದಾಗ ಕಾಫಿ ಒಣಗಿಸುವ ಕಣದಲ್ಲಿ ಓಡಿ ಆಡುತ್ತ, ಸಿಮೆಂಟಿನ ಅಂಚಿಗೆ ಮುಗ್ಗರಿಸಿ ಬಿದ್ದಳು. ಮೇಲಿನ ಎರಡು ಬಾಚಿಹಲ್ಲುಗಳಲ್ಲಿ ಎಡಗಡೆಯದರ ಮೂಲೆ ಸಣ್ಣದಾಗಿ ಮುರಿಯಿತು. ತುಟಿಯ ಗಾಯಕ್ಕೆ ಅರಿಸಿನ ಹಚ್ಚಿದರು, ನಾಲ್ಕು ದಿನಕ್ಕೆ ಬಾವು ಇಳಿಯಿತು, ಎಲ್ಲರೂ ಮರೆತರು. ಹಲ್ಲು ಮಾತ್ರ ಮರೆಯಲಿಲ್ಲ. ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಅದು ಪಕ್ಕದ ಹಲ್ಲಿಗಿಂತ ಕಂದಿ, ಮೋಡ ಕವಿದ ಸಂಜೆಯ ಬಣ್ಣಕ್ಕೆ ತಿರುಗಿತ್ತು. ನಗು ಬಂದಾಗಲೆಲ್ಲ ಅವಳ ಬಲಗೈ ತಾನಾಗಿ ಬಾಯಿಯ ಮುಂದೆ ಹೋಗುತ್ತಿತ್ತು. ಇದು ಅವಳ ನಾಚಿಕೆಯ ಸ್ವಭಾವವೆಂದೇ ನಾವೆಲ್ಲ ಬಗೆದಿದ್ದೆವು.

ಕಳೆದ ಮಳೆಗಾಲದ ಕೊನೆಯಲ್ಲಿ ಅವಳನ್ನು ನೋಡಲು ಒಂದು ಮನೆಯವರು ಬಂದರು. ಹುಡುಗ ಒಪ್ಪಿದ. ಹೊರಡುವಾಗ ಹುಡುಗನ ಅತ್ತೆ, ತೀರ ಸಹಜವಾಗಿ, "ಎಲ್ಲಾ ಚೆನ್ನಾಗಿದೆ, ಆ ಒಂದು ಹಲ್ಲು ಸರಿಮಾಡಿಸಿಬಿಟ್ರೆ ಆಯ್ತು ನೋಡಿ" ಎಂದರು. ಮರುವಾರವೇ ತಂಗಿ ಮಗಳನ್ನು ಪೇಟೆಯ ಒಂದು ದಂತಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹಲ್ಲನ್ನು ಎರಡು ನಿಮಿಷ ನೋಡಿ, "ಮೇಲೊಂದು ಪಿಂಗಾಣಿ ಹೊದಿಕೆ ಕೂರಿಸಿದರಾಯಿತು, ಎರಡು ಸಲ ಬಂದರೆ ಸಾಕು" ಎಂದು ಹೇಳಿ ಹಣದ ಲೆಕ್ಕವನ್ನೂ ಬರೆದುಕೊಟ್ಟರು. ಆ ಚೀಟಿಯನ್ನು ಹಿಡಿದುಕೊಂಡು ಹುಡುಗಿ ನನ್ನ ಬಳಿಗೆ ಬಂದಳು. "ಮಾವ, ಮಾಡಿಸ್ಕೊಳ್ಳಲಾ, ಬೇಡ್ವಾ? ನೀವೇ ಹೇಳಿ."

ತನಗೆ ಗೊತ್ತಿಲ್ಲದ ವಿಷಯದಲ್ಲಿ ಅಭಿಪ್ರಾಯ ಕೊಡುವುದು ಮೇಷ್ಟರುಗಳಿಗೆ ಅಂಟಿದ ಹಳೆಯ ಚಟ. ಆದರೆ ಇದು ಅವಳ ಹಲ್ಲು, ನನ್ನ ಮಾತಿನ ಮೇಲೆ ಹೋಗಬಾರದು ಎನ್ನಿಸಿತು. "ಒಂದು ತಿಂಗಳು ಕೊಡು" ಎಂದೆ. ಆ ಒಂದು ತಿಂಗಳಲ್ಲಿ ನಾನು ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು, ಅಂಥದೇ ಪ್ರಶ್ನೆಯನ್ನು ಹೊತ್ತ ಬೇರೆ ಮನೆಗಳಿಗೂ ಉಪಯೋಗವಾದೀತೆಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಹೊದಿಕೆ ಎಂದರೇನೆಂದು ನೋಡೋಣ. ಇದಕ್ಕೆ ಇಂಗ್ಲಿಷಿನಲ್ಲಿ ವೆನೀರ್ ಎಂದು ಹೆಸರು. ಈ ಶಬ್ದ ವೈದ್ಯರದಲ್ಲ, ಬಡಗಿಯದು. ನಮ್ಮ ತೋಟಗಳಲ್ಲಿ ಕಾಫಿ ಗಿಡಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಸಿಲ್ವರ್ ಓಕ್ ಮರಗಳನ್ನು ಕಡಿದು ಲಾರಿಗಳಲ್ಲಿ ಸಾಗಿಸುವುದನ್ನು ಘಟ್ಟದ ರಸ್ತೆಯಲ್ಲಿ ನೀವೆಲ್ಲ ಕಂಡಿದ್ದೀರಿ. ಕಾರ್ಖಾನೆಯಲ್ಲಿ ಆ ದಿಮ್ಮಿಯನ್ನು ತಿರುಗಿಸುತ್ತ ಈರುಳ್ಳಿಯ ಸಿಪ್ಪೆಯಂತೆ ಸುಲಿದು ತೆಳ್ಳನೆಯ ಹಾಳೆ ತೆಗೆಯುತ್ತಾರೆ. ಆ ಹಾಳೆಯೇ ವೆನೀರು. ಹಲವು ಹಾಳೆಗಳನ್ನು ಅಂಟಿಸಿದರೆ ಪ್ಲೈವುಡ್ಡು. ಸಾಮಾನ್ಯ ಮರದ ಬೀರುವಿನ ಮೇಲೆ ತೇಗದ ತೆಳು ಹಾಳೆ ಅಂಟಿಸಿ ತೇಗದ ಬೀರುವೆಂದು ಕಾಣಿಸುವ ಜಾಣತನವನ್ನೂ ನಾವು ಬಲ್ಲೆವು. ಹಲ್ಲಿನ ವೆನೀರೂ ಅದೇ ತತ್ತ್ವದ್ದು. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪದ, ಬೆರಳಿನ ಉಗುರಿನಷ್ಟು ತೆಳ್ಳಗಿನ ಪಿಂಗಾಣಿಯ ಚಿಪ್ಪನ್ನು ಹಲ್ಲಿನ ಮುಂಭಾಗಕ್ಕೆ ಅಂಟಿಸುವುದು.

ಬೀರುವಿಗೂ ಹಲ್ಲಿಗೂ ಒಂದು ಭೇದವಿದೆ. ಬೀರುವಿನ ಮೇಲೆ ಹಾಳೆ ಅಂಟಿಸಿದರೆ ಬೀರು ಕೂದಲೆಳೆಯಷ್ಟು ದಪ್ಪವಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹಲ್ಲಿನ ಮೇಲೆ ಹಾಗೆಯೇ ಅಂಟಿಸಿದರೆ ಹಲ್ಲು ಉಬ್ಬಿದಂತೆ ಕಾಣುತ್ತದೆ. ಆದ್ದರಿಂದ ಸಾಮಾನ್ಯವಾಗಿ ಚಿಪ್ಪಿಗೆ ಜಾಗ ಮಾಡಿಕೊಡಲು ಹಲ್ಲಿನ ಮೈಯನ್ನೇ ಸವೆಸಬೇಕಾಗುತ್ತದೆ. ಒಸಡಿನ ಬಳಿ ಮೂರು ದಶಾಂಶ, ನಡುವೆ ಐದು ದಶಾಂಶ, ತುದಿಯ ಕಡೆ ಏಳು ದಶಾಂಶ ಮಿಲಿಮೀಟರು—ಇದು ಸ್ಥೂಲವಾದ ಲೆಕ್ಕ. ಕೇಳಲು ಅತ್ಯಲ್ಪ. ಆದರೆ ಏನನ್ನು ಸವೆಸುತ್ತಿದ್ದೇವೆ ಎಂಬುದನ್ನು ತಿಳಿದರೆ ಆ ಅಲ್ಪವೂ ಅಲ್ಪವಲ್ಲ.

ಹಲ್ಲಿನ ಹೊರಕವಚಕ್ಕೆ ಎನಾಮೆಲ್ ಎನ್ನುತ್ತಾರೆ. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥ ಇನ್ನೊಂದಿಲ್ಲ; ಮೂಳೆಯೂ ಅದಕ್ಕೆ ಸಮನಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಅದು ಖನಿಜ. ಅದರ ಒಳಗೆ ಡೆಂಟಿನ್ ಎಂಬ ಸ್ವಲ್ಪ ಮೃದುವಾದ, ಹಳದಿ ಛಾಯೆಯ ದಂತದ್ರವ್ಯ. ಅದರೊಳಗೆ ರಕ್ತನಾಳ ನರಗಳು ಸೇರಿದ ತಿರುಳು. ಚರ್ಮ ಹರಿದರೆ ಕೂಡುತ್ತದೆ, ಮೂಳೆ ಮುರಿದರೆ ಬೆಸೆಯುತ್ತದೆ. ಏಕೆಂದರೆ ಅವುಗಳಲ್ಲಿ ಜೀವಕೋಶಗಳಿವೆ. ಎನಾಮೆಲನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಮನೆ ಕಟ್ಟಿದ ಗಾರೆಯವರು ಊರು ಬಿಟ್ಟು ಹೋದಂತೆ. ಇನ್ನು ಮೇಲೆ ಆ ಗೋಡೆಯಲ್ಲಿ ಒಂದು ಹಿಡಿ ಗಾರೆ ಉದುರಿದರೂ ಅದನ್ನು ಮೆತ್ತಲು ಅವರು ಮರಳಿ ಬರುವುದಿಲ್ಲ. ಮುಂಬಲ್ಲಿನ ಎದುರು ಮೈಯಲ್ಲಿ ಈ ಕವಚದ ದಪ್ಪ ಒಸಡಿನ ಬಳಿ ಅರ್ಧ ಮಿಲಿಮೀಟರಿನ ಒಳಗೆ, ತುದಿಯ ಬಳಿ ಒಂದು ಮಿಲಿಮೀಟರಿನ ಆಸುಪಾಸು. ಈಗ ಮೇಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದ್ದು ಬೇರೆ ಸಂದರ್ಭಕ್ಕೆ. ಆದರೆ ಉತ್ಸಾಹದಲ್ಲಿ ಸವೆಸಿದ ಹಲ್ಲಿಗೂ ಆ ಮಾತು ಸಲ್ಲುತ್ತದೆ.

ಹೀಗೆಂದು ಈ ಕಲೆಯನ್ನು ಹಗುರವಾಗಿ ಕಾಣಬಾರದು. ಅದರ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಹಿಂದಿನ ಶತಮಾನದ ಮೂವತ್ತರ ದಶಕದ ಸುಮಾರಿಗೆ ಹಾಲಿವುಡ್ಡಿನ ನಟನಟಿಯರಿಗೆ ಇಂಥ ಚಿಪ್ಪುಗಳನ್ನು ಮಾಡಿಕೊಡುತ್ತಿದ್ದರು. ಕಟ್ಟುಹಲ್ಲು ಜಾರದಂತೆ ಬಳಸುವ ಅಂಟುಪುಡಿಯೇ ಅವರಿಗೆ ಗತಿ. ಕ್ಯಾಮೆರಾ ಓಡುವಷ್ಟು ಹೊತ್ತು ಚಿಪ್ಪು ನಿಲ್ಲುತ್ತಿತ್ತು, ಆಮೇಲೆ ತೆಗೆದಿಡಬೇಕು. ನಮ್ಮ ಯಕ್ಷಗಾನದ ವೇಷಧಾರಿ ಆಟ ಮುಗಿದ ಮೇಲೆ ಕಿರೀಟ ಬಿಚ್ಚಿಡುವ ಹಾಗೆ. ಹಲ್ಲಿಗೆ ಏನನ್ನಾದರೂ ಖಾಯಮ್ಮಾಗಿ ಅಂಟಿಸುವ ಉಪಾಯ ಹೊಳೆದದ್ದು ಅಮೆರಿಕದ ಮೈಕೆಲ್ ಬ್ಯೂನಕೋರ್ ಎಂಬ ಸಂಶೋಧಕರಿಗೆ, 1955ರಲ್ಲಿ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕೈಗಾರಿಕೆಯಲ್ಲಿ ಮೊದಲು ಆಮ್ಲ ಸವರುವುದುಂಟು. ಅದೇ ಉಪಾಯವನ್ನು ಅವರು ಹಲ್ಲಿಗೆ ಹೂಡಿದರು. ಫಾಸ್ಫಾರಿಕ್ ಆಮ್ಲ ತಗುಲಿದ ಎನಾಮೆಲಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಕುಳಿಗಳು ಏಳುತ್ತವೆ. ದ್ರವರೂಪದ ರಾಳ ಆ ಕುಳಿಗಳಲ್ಲಿ ಇಳಿದು ಗಟ್ಟಿಯಾದರೆ ಸಾವಿರ ಬೇರುಗಳು ಕಚ್ಚಿದಂತೆ ಹಿಡಿಯುತ್ತದೆ. 1983ರ ಸುಮಾರಿಗೆ ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹೀಗೆಯೇ ಒರಟು ಮಾಡಬಹುದೆಂದು ತೋರಿಸಿಕೊಟ್ಟ ಮೇಲೆ ಹಲ್ಲು, ರಾಳ, ಪಿಂಗಾಣಿ ಈ ಮೂರೂ ಒಂದೇ ಮೈಯಾಗುವುದು ಸಾಧ್ಯವಾಯಿತು. ಈ ಬೆಸುಗೆ ಎನಾಮೆಲಿನ ಮೇಲೆ ಅತಿ ಭದ್ರ. ಡೆಂಟಿನ್ನಿನ ಮೇಲೆ ಅಷ್ಟು ಭದ್ರವಲ್ಲ. ಆದ್ದರಿಂದ ಆಳವಾಗಿ ಸವೆಸಿದಷ್ಟೂ ಚಿಪ್ಪಿನ ಆಯುಷ್ಯ ಕಡಿಮೆ. ಕಡಿಮೆ ಕೊರೆಯುವ ವೈದ್ಯನೇ ಹೆಚ್ಚು ಬಲ್ಲವನು ಎಂದು ಇದರಿಂದ ನಾನು ಕಲಿತ ಪಾಠ.

ಚೆನ್ನಾಗಿ ಮಾಡಿದ ಪಿಂಗಾಣಿ ಹೊದಿಕೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹತ್ತು ವರ್ಷಗಳ ನಂತರವೂ ಬಾಯಲ್ಲಿ ಉಳಿದಿರುತ್ತವೆ ಎಂದು ವೈದ್ಯರ ಅನುಭವ ಹೇಳುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಐವತ್ತೈದರ ಹೆಂಗಸಿಗೆ ಹದಿನೈದು ವರ್ಷ ಬಾಳುವ ವಸ್ತು ಸಮಾಧಾನದ ವಸ್ತು. ಇಪ್ಪತ್ತನಾಲ್ಕರ ಹುಡುಗಿಗೆ ಅದೇ ವಸ್ತು ಜೀವಮಾನದಲ್ಲಿ ಎರಡು ಮೂರು ಸಲ ಬದಲಾಯಿಸಬೇಕಾದ ವಸ್ತು. ಬದಲಾಯಿಸುವಾಗಲೆಲ್ಲ ಹಳೆಯದನ್ನು ಕೊರೆದು ತೆಗೆಯಬೇಕು. ಆಗ ಹಲ್ಲಿನ ಮೈ ಇನ್ನಷ್ಟು ಹೋಗುವ ಸಂಭವವುಂಟು. ಬೇಡವೆಂದು ತೆಗೆದುಹಾಕಿ ಮೊದಲಿನ ಹಲ್ಲಿಗೆ ಮರಳುವ ದಾರಿಯಿಲ್ಲ. ಒಮ್ಮೆ ಸವೆಸಿದ ಹಲ್ಲಿಗೆ ಹೊದಿಕೆ ಮುಂದೆ ಎಂದೆಂದಿಗೂ ಬೇಕು.

ಇನ್ನು ಒಂದೇ ಹಲ್ಲಿನ ಕಷ್ಟ. ಆರು ಮುಂಬಲ್ಲುಗಳಿಗೆ ಒಟ್ಟಿಗೆ ಹೊದಿಕೆ ಹಾಕುವುದಕ್ಕಿಂತ ಒಂದಕ್ಕೆ ಹಾಕುವುದು ಕಠಿಣ ಎಂದು ಕೇಳಿದಾಗ ನನಗೆ ಸೋಜಿಗವೆನಿಸಿತು. ಯೋಚಿಸಿದರೆ ಅದು ಸತ್ಯ. ಆರಕ್ಕೂ ಹಾಕಿದರೆ ಅವು ಒಂದನ್ನೊಂದು ಹೋಲಿದರೆ ಸಾಕು. ಒಂದಕ್ಕೆ ಹಾಕಿದರೆ ಅದು ಪಕ್ಕದಲ್ಲಿರುವ ದೇವರು ಕೊಟ್ಟ ಹಲ್ಲನ್ನು ಹೋಲಬೇಕು. ಆ ಹಲ್ಲು ಒಂದೇ ಬಣ್ಣದ್ದಲ್ಲ: ಒಸಡಿನ ಬಳಿ ಹಳದಿ, ನಡುವೆ ಬಿಳುಪು, ತುದಿಯಲ್ಲಿ ನೀಲಿ ಬೆರೆತ ಪಾರದರ್ಶಕತೆ, ಅಲ್ಲಲ್ಲಿ ಸಣ್ಣ ಗೆರೆ, ಸಣ್ಣ ಮಚ್ಚೆ. ಬಣ್ಣ ಹೋಲಿಸಲು ವೈದ್ಯರ ಬಳಿ ಮಾದರಿ ಹಲ್ಲುಗಳ ಸಾಲೊಂದಿರುತ್ತದೆ; 1956ರಿಂದ ಬಳಕೆಯಲ್ಲಿರುವ ಪ್ರಸಿದ್ಧ ಜರ್ಮನ್ ಸಾಲಿನಲ್ಲಿ ಹದಿನಾರು ಛಾಯೆಗಳು. ಮನುಷ್ಯರ ಹಲ್ಲು ಹದಿನಾರರಲ್ಲಿ ಮುಗಿಯುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಈ ಕಷ್ಟವನ್ನು ವಿವರಿಸಬೇಕಾಗಿಯೇ ಇಲ್ಲ. ಅಂಗಡಿಯ ದೀಪದಲ್ಲಿ ಸೀರೆಗೆ ಸರಿಹೊಂದಿದ ರವಿಕೆಯ ಬಟ್ಟೆ ಬೀದಿಗೆ ತಂದು ನೋಡಿದರೆ ಬೇರೆಯೇ ಬಣ್ಣವಾಗಿರುತ್ತದೆ. ಎರಡು ಪದಾರ್ಥಗಳು ಒಂದು ಬೆಳಕಿನಲ್ಲಿ ಒಂದಾಗಿ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಭೌತಶಾಸ್ತ್ರದ ನಿಯಮ. ಪಿಂಗಾಣಿಗೂ ಹಲ್ಲಿಗೂ ಅದೇ ಪಾಡು. ಆದ್ದರಿಂದ ಬಣ್ಣವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ, ತುಟಿಯ ಬಣ್ಣ ಒರೆಸಿ, ಕೆಲಸದ ಮೊದಲಲ್ಲೇ ನೋಡಬೇಕು. ಬಾಯಿ ತೆರೆದು ಹತ್ತು ನಿಮಿಷ ಕುಳಿತರೆ ಹಲ್ಲು ಒಣಗಿ ತನ್ನ ನಿಜಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಮೇಲೆ ಆರಿಸಿದ ಬಣ್ಣ ಮೋಸದ ಬಣ್ಣ. ಒಳ್ಳೆಯ ವೈದ್ಯರು ಛಾಯಾಚಿತ್ರ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಹಲ್ಲನ್ನು ಮುಟ್ಟುವ ಮೊದಲು ಮೇಣದಲ್ಲಿ ಆಕಾರ ಮಾಡಿ, ಅದರ ಪಡಿಯಚ್ಚನ್ನು ತಾತ್ಕಾಲಿಕವಾಗಿ ಹಲ್ಲಿಗೆ ಕೂರಿಸಿ, ಕನ್ನಡಿ ಕೊಟ್ಟು, "ಮಾತಾಡಿ ನೋಡಿ" ಎನ್ನುತ್ತಾರೆ. ಇಲ್ಲಿ ನಮ್ಮ ವ್ಯಾಕರಣ ಕೆಲಸಕ್ಕೆ ಬರುತ್ತದೆ. ವನ, ವಿನಯ, ವಾಸ್ತವ ಎನ್ನುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಯನ್ನು ಹದವಾಗಿ ಸೋಕಬೇಕು. ಹಲ್ಲು ಉದ್ದವಾದರೆ ತುಟಿಗೆ ಒತ್ತುತ್ತದೆ. ಸಕಾರದಲ್ಲಿ ಸೀಟಿ ಕೇಳಿಸಿದರೂ ಆಕಾರ ತಪ್ಪಿದೆ ಎಂದು ತಿಳಿಯಬೇಕು.

ಇಷ್ಟು ತಿಳಿದ ಮೇಲೆ ನನಗೆ ತೋರಿದ್ದು ಇದು: "ಪಿಂಗಾಣಿ ಚೆನ್ನಾಗಿ ಕಾಣುತ್ತದೆಯೇ?" ಎಂಬುದು ಮೊದಲ ಪ್ರಶ್ನೆಯೇ ಅಲ್ಲ. ಅದು ಕೊನೆಯ ಪ್ರಶ್ನೆ. ಅದಕ್ಕೆ ಮುಂಚೆ ಕೇಳಬೇಕಾದವು ಬೇರೆ ಇವೆ.

ಮೊದಲನೆಯದು, ಹಲ್ಲು ಏಕೆ ಹೀಗಾಯಿತು? ನಮ್ಮ ಕಡೆ ಕಾಫಿ, ಎಲೆಯಡಿಕೆ, ಹೊಗೆಸೊಪ್ಪುಗಳಿಂದ ಬರುವ ಕಲೆ ಬಹುಮಟ್ಟಿಗೆ ಹೊರಮೈಯದು. ವೈದ್ಯರು ಅರ್ಧ ಗಂಟೆ ಹಲ್ಲು ಶುಚಿಮಾಡಿದರೆ ಹೋಗುತ್ತದೆ. ಅಂಥ ಕಲೆಗೆ ಪಿಂಗಾಣಿ ಹೊದಿಸುವುದೆಂದರೆ ಧೂಳು ಹಿಡಿದ ಗೋಡೆಗೆ ಹೊಸ ಗೋಡೆ ಕಟ್ಟಿದಂತೆ. ಪಾವಗಡ, ಮುಂಡರಗಿ, ಬಾಗೇಪಲ್ಲಿಯಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲಿಗೆ ಬಿಳಿ, ಕಂದು ಪಟ್ಟೆಗಳು ಬರುತ್ತವೆ. ಅದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಮೂಡಿದ ಗುರುತು. ಒಂದು ಹಲ್ಲಿಗಲ್ಲ, ಹಲವಕ್ಕೆ ಜೋಡಿಜೋಡಿಯಾಗಿ ಬರುತ್ತದೆ. ಎಲ್ಲ ಹಲ್ಲೂ ನೆಟ್ಟಗಿದ್ದು ಒಂದೇ ಹಲ್ಲು ಕಂದಿದ್ದರೆ ಅದರ ಕಥೆ ಬಹುಶಃ ಬೇರೆ. ಎಂದೋ ಬಿದ್ದ ಪೆಟ್ಟು ಅಲ್ಲಿ ಮಾತನಾಡುತ್ತಿದೆ.

ಎರಡನೆಯದು, ಆ ಹಲ್ಲು ಬದುಕಿದೆಯೇ? ಪೆಟ್ಟು ಬಿದ್ದಾಗ ಬೇರಿನ ತುದಿಯಲ್ಲಿ ಒಳಹೋಗುವ ಎಳೆಯಷ್ಟು ತೆಳ್ಳಗಿನ ರಕ್ತನಾಳ ಹರಿದುಹೋಗಬಹುದು. ಆಗ ತಿರುಳು ಸಾಯುತ್ತದೆ. ಒಳಗೆ ಸೋರಿದ ರಕ್ತ ಕೊಳೆತು ಡೆಂಟಿನ್ನಿನ ಸೂಕ್ಷ್ಮನಾಳಗಳಲ್ಲಿ ಇಳಿದು ಹಲ್ಲನ್ನು ಕಂದಿಸುತ್ತದೆ. ನೋವು ಇರಲೇಬೇಕೆಂದಿಲ್ಲ, ಸತ್ತ ನರ ಅಳುವುದಿಲ್ಲ. ವರ್ಷಗಟ್ಟಲೆ ಮೌನವಾಗಿದ್ದು ಬೇರಿನ ತುದಿಯಲ್ಲಿ ಕೀವು ಕಟ್ಟಿ, ಸುತ್ತಣ ಮೂಳೆಯನ್ನು ಕರಗಿಸುತ್ತಿರಬಹುದು. ಇದನ್ನು ಕನ್ನಡಿ ತೋರಿಸುವುದಿಲ್ಲ. ಒಂದು ಸಣ್ಣ ಎಕ್ಸ್‌ರೇ ತೋರಿಸುತ್ತದೆ. ತಣ್ಣಗಿನ ವಸ್ತು ಮುಟ್ಟಿಸಿ ಹಲ್ಲಿಗೆ ಅರಿವಿದೆಯೇ ಎಂದು ನೋಡುವ ಪರೀಕ್ಷೆಯೂ ಇದೆ. ನನ್ನ ಸೊಸೆಮಗಳಿಗೆ—ತಂಗಿಯ ಮಗಳನ್ನು ನಾವು ಹಾಗೆಯೇ ಕರೆಯುತ್ತೇವೆ—ಚೀಟಿ ಬರೆದುಕೊಟ್ಟವರು ಇವೆರಡನ್ನೂ ಮಾಡಿರಲಿಲ್ಲ.

ಹಾಸನದಲ್ಲಿ ದಂತವೈದ್ಯ ಕಾಲೇಜು ಇದೆ; ಘಟ್ಟ ಇಳಿದರೆ ಮಂಗಳೂರು, ಮಣಿಪಾಲಗಳಲ್ಲೂ ಇವೆ. ಸಕಲೇಶಪುರದಿಂದ ಹಾಸನ ನಲವತ್ತು ಕಿಲೋಮೀಟರು, ಆಲೂರಿನವರಿಗೆ ಇನ್ನೂ ಹತ್ತಿರ. ಹಾಸನದಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸೋಣವೆಂದು ನಾನೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ತರುಣ ವೈದ್ಯೆ ಬೇರಿನ ತುದಿಯಲ್ಲಿ ಒಂದು ಕರಿಯ ಚುಕ್ಕೆಯನ್ನು ತೋರಿಸಿದರು. ಮೆಣಸಿನ ಕಾಳಿನಷ್ಟು ಇತ್ತು. "ಇದು ಬಣ್ಣದ ಪ್ರಶ್ನೆ ಅಲ್ಲ ಸಾರ್. ಈ ಹಲ್ಲು ಎಂದೋ ಸತ್ತಿದೆ. ಇದರ ಮೇಲೆ ಪಿಂಗಾಣಿ ಕೂರಿಸಿದ್ದರೆ ಒಳಗಿನದು ಒಳಗೇ ಬೆಳೀತಿತ್ತು" ಎಂದರು. ಹುಡುಗಿ ನನ್ನ ಮುಖ ನೋಡಿದಳು. ಹದಿನೈದು ವರ್ಷದ ಹಿಂದೆ ಕಣದ ಅಂಚಿನಲ್ಲಿ ಅವಳನ್ನು ಎತ್ತಿ, ಕಣ್ಣೀರು ಒರೆಸಿ, "ಏನೂ ಆಗಿಲ್ಲ, ಏಳು" ಎಂದವರಲ್ಲಿ ನಾನೂ ಒಬ್ಬ. ಅದು ನನಗೆ ಆ ಕ್ಷಣ ನೆನಪಾಯಿತು. ಮಗು ಬಿದ್ದು ಮುಂಬಲ್ಲಿಗೆ ಪೆಟ್ಟಾದರೆ, ರಕ್ತ ನಿಂತ ಮೇಲೂ ಒಮ್ಮೆ ದಂತವೈದ್ಯರಿಗೆ ತೋರಿಸಿ, ಆಗಾಗ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಕೇಳುತ್ತಿರುವ ತಾಯಂದಿರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಮೂರನೆಯ ಪ್ರಶ್ನೆ, ಇದಕ್ಕಿಂತ ಸಣ್ಣ ಉಪಾಯವಿದೆಯೇ? ಇದೆ, ಒಂದಲ್ಲ, ಹಲವಾರು. ಸತ್ತ ಹಲ್ಲಿಗೆ ಬೇರುನಾಳದ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಹೇಗೂ ಆಗಲೇಬೇಕು. ಅದು ಅಂದಕ್ಕಲ್ಲ, ಆರೋಗ್ಯಕ್ಕೆ. ಅದಾದ ಮೇಲೆ ಹಲ್ಲಿನ ಹಿಂಭಾಗದ ಅದೇ ರಂಧ್ರದ ಮೂಲಕ ಸೋಡಿಯಂ ಪರ್ಬೊರೇಟ್‌ನಂಥ ಬಿಳಿಚುವ ಪುಡಿಯನ್ನು ನೀರಿನಲ್ಲಿ ಕಲಸಿ ಒಳಗಿಟ್ಟು ಮುಚ್ಚುತ್ತಾರೆ. ವಾರದ ಮೇಲೆ ತೆಗೆದು ಮತ್ತೆ ಇಡುತ್ತಾರೆ. ಎರಡು ಮೂರು ಸಲ ಹೀಗೆ ಮಾಡಿದರೆ ಅನೇಕ ಹಲ್ಲುಗಳು ಒಳಗಿನಿಂದಲೇ ತಿಳಿಯಾಗುತ್ತವೆ. ಮುಂಭಾಗದ ಕವಚವನ್ನು ಮುಟ್ಟುವುದಿಲ್ಲ. ಕೆಲವು ವರ್ಷಗಳ ಮೇಲೆ ಬಣ್ಣ ಸ್ವಲ್ಪ ಮರಳಬಹುದು. ಆಗ ಇನ್ನೊಮ್ಮೆ ಮಾಡಬಹುದು. ಮುರಿದ ಮೂಲೆಗೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ರಾಳವಿದೆ. ಅದನ್ನು ಪದರ ಪದರವಾಗಿ ಹಚ್ಚಿ, ನೀಲಿ ಬೆಳಕಿನಿಂದ ಗಟ್ಟಿಮಾಡಿ, ಉಜ್ಜಿ ಹೊಳಪು ಕೊಡುತ್ತಾರೆ. ಒಂದೇ ಸಲಕ್ಕೆ ಮುಗಿಯುತ್ತದೆ. ಹಲ್ಲನ್ನು ಸವೆಸುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪಿಂಗಾಣಿಯಷ್ಟು ಕಾಲ ಅದು ಬಾಳುವುದಿಲ್ಲ. ಕಾಫಿ, ಎಲೆಯಡಿಕೆಯ ಬಣ್ಣ ಹೀರುತ್ತದೆ. ಐದಾರು ವರ್ಷಕ್ಕೊಮ್ಮೆ ರಿಪೇರಿ ಬೇಡುತ್ತದೆ. ಆದರೆ ರಿಪೇರಿಯಾಗುತ್ತದೆ ಎಂಬುದೇ ಅದರ ದೊಡ್ಡ ಗುಣ. ಬೆಲೆಯೂ ಪಿಂಗಾಣಿಯ ಒಂದು ಭಾಗ ಮಾತ್ರ. ಬಿಳಿಚುವ ಕೆಲಸ ಮತ್ತು ಅಂಟಿಸುವ ಕೆಲಸಗಳ ನಡುವೆ ಎರಡು ವಾರ ಬಿಡುವು ಕೊಡಬೇಕು. ಇಲ್ಲವಾದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸಿದ ಮೇಲೆ ಬಿಳಿಚಲು ಹೋದರೆ ಪಿಂಗಾಣಿಯೂ ರಾಳವೂ ಬಣ್ಣ ಬದಲಿಸುವುದಿಲ್ಲ, ಸುತ್ತಲಿನ ಹಲ್ಲು ಮಾತ್ರ ಬದಲಾಗುತ್ತದೆ. ಕ್ರಮ ತಪ್ಪಿದರೆ ಎಲ್ಲ ತಪ್ಪಿತು.

ಹಾಗಾದರೆ ಪಿಂಗಾಣಿ ಯಾರಿಗೆ? ಹುಟ್ಟಿನಿಂದಲೇ ಎನಾಮೆಲ್ ಸರಿಯಾಗಿ ಕಟ್ಟದವರಿಗೆ. ಪಕ್ಕದ ಬಾಚಿಹಲ್ಲು ಮೊಳೆಯಂತೆ ಮೊನಚಾಗಿ ಬೆಳೆದವರಿಗೆ, ಇಂಥ ಹಲ್ಲಿನಲ್ಲಿ ಸವೆಸಬೇಕಾದ್ದೂ ಅತಿ ಕಡಿಮೆ. ಕಾಂಪೊಸಿಟ್ ಮತ್ತೆ ಮತ್ತೆ ಮುರಿದು ಬೇಸತ್ತವರಿಗೆ. ಬಿಳಿಚಿದರೂ ಹೋಗದ ಕಲೆಯುಳ್ಳವರಿಗೆ. ಇಂಥವರಿಗೆ ಅದು ವರವೇ ಸರಿ. ಇತ್ತೀಚೆಗೆ ಲಿಥಿಯಂ ಡೈಸಿಲಿಕೇಟ್ ಎಂಬ ಗಟ್ಟಿಯಾದ ಗಾಜು-ಪಿಂಗಾಣಿ ಬಂದಿದೆ. ಬಾಯಿಯ ಅಚ್ಚನ್ನು ಕ್ಯಾಮೆರಾದಿಂದಲೇ ತೆಗೆದು ಯಂತ್ರದಲ್ಲಿ ಚಿಪ್ಪು ಕೊರೆಯುವ ವಿಧಾನವೂ ಬಂದಿದೆ. ಆದರೆ ತೀರ ಕಂದಿದ ಹಲ್ಲಿನ ಮೇಲೆ ತೆಳು ಚಿಪ್ಪು ಹಾಕಿದರೆ ಒಳಗಿನ ಕಪ್ಪು ಹೊರಗೆ ಇಣುಕುತ್ತದೆ. ಅದನ್ನು ಮುಚ್ಚಲು ಚಿಪ್ಪನ್ನು ದಪ್ಪ ಮಾಡಬೇಕು, ದಪ್ಪ ಮಾಡಲು ಹಲ್ಲನ್ನು ಇನ್ನಷ್ಟು ಸವೆಸಬೇಕು, ಅಪಾರದರ್ಶಕವಾದ ಪಿಂಗಾಣಿ ಸುಣ್ಣ ಬಳಿದಂತೆ ಕಾಣುತ್ತದೆ. ಮುಂದೊಂದು ದಿನ ಪಿಂಗಾಣಿಯೇ ಬೇಕಾದರೂ ಒಳಗೆ ಮೊದಲು ತಿಳಿಯಾದ ಹಲ್ಲಿನ ಮೇಲೆ ಅದು ಚೆನ್ನಾಗಿ ಕೂರುತ್ತದೆ. ಹಾಗಾಗಿ ಸಣ್ಣ ಉಪಾಯವನ್ನು ಮೊದಲು ಮಾಡಿದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ದೊಡ್ಡದನ್ನು ಮೊದಲು ಮಾಡಿದವನಿಗೆ ಸಣ್ಣದರ ಬಾಗಿಲು ಮುಚ್ಚುತ್ತದೆ.

ನಾಲ್ಕನೆಯದು, ಅದನ್ನು ಸಾಕುವ ಶಕ್ತಿ ನಮಗಿದೆಯೇ? ಒಸಡಿನಲ್ಲಿ ರಕ್ತ ಜಿನುಗುವವರು ಮೊದಲು ಒಸಡನ್ನು ಗುಣಪಡಿಸಿಕೊಳ್ಳಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರ ಬಾಯಲ್ಲಿ ಪಿಂಗಾಣಿ ಸೀಳಬಹುದು. ಅವರಿಗೆ ರಾತ್ರಿ ಹಾಕಿಕೊಳ್ಳುವ ರಕ್ಷಾಫಲಕ ಬೇಕು. ಅಡಿಕೆಯ ಗೋಟನ್ನು ಮುಂಬಲ್ಲಿನಿಂದ ಒಡೆಯುವವರು, ದಾರ ಕಡಿಯುವವರು, ಬಾಟಲಿಯ ಮುಚ್ಚಳ ತೆಗೆಯುವವರು ಆ ಶೌರ್ಯವನ್ನು ಬಿಡಬೇಕು. ನಮ್ಮ ಗುಡ್ಡಗಾಡಿನವರಿಗೆ ಇನ್ನೂ ಒಂದು ಲೆಕ್ಕವಿದೆ. ಪರೀಕ್ಷೆಗೆ ಒಂದು ಸಲ, ಸವೆಸಿ ಅಚ್ಚು ತೆಗೆಯಲು ಒಂದು ಸಲ, ಕೂರಿಸಲು ಒಂದು ಸಲ, ಹೊಂದದಿದ್ದರೆ ಇನ್ನೊಂದು ಸಲ. ನಡುವೆ ತಾತ್ಕಾಲಿಕ ಹೊದಿಕೆ ಕಳಚಿಬಿದ್ದರೆ ಮತ್ತೊಂದು ಸಲ. ಆಷಾಢದ ಮಳೆಯಲ್ಲಿ ಶಿರಾಡಿಯ ರಸ್ತೆ ಕುಸಿದು ಮುಚ್ಚುವುದನ್ನು ಕಂಡವರಿಗೆ, ಕಾಫಿ ಹಣ್ಣಿನ ಕೊಯ್ಲಿನಲ್ಲಿ ಆಳು ಸಿಕ್ಕದೆ ಮನೆಮಂದಿಯೆಲ್ಲ ತೋಟಕ್ಕೆ ಇಳಿಯುವವರಿಗೆ, ಇದು ಸಣ್ಣ ಮಾತಲ್ಲ. ಮದುವೆಯ ಹಿಂದಿನ ವಾರ ಈ ಕೆಲಸಕ್ಕೆ ಕೈಹಾಕುವುದಂತೂ ಕೂಡದು.

ಕೊನೆಯ ಪ್ರಶ್ನೆಯನ್ನು ನಾನು ಹಿಂದಿರುಗುವ ಬಸ್ಸಿನಲ್ಲಿ ಅವಳಿಗೇ ಕೇಳಿದೆ. "ಹುಡುಗನ ಕಡೆಯವರು ಏನೂ ಅನ್ನದೆ ಹೋಗಿದ್ದರೆ ನಿನಗೆ ಇದು ಬೇಕಿತ್ತೇ?" ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಲೂರು ದಾಟಿದ ಮೇಲೆ ಹೇಳಿದಳು: "ಬೇಕಿತ್ತು ಮಾವ. ಅವರು ಅಂದಿದ್ದಕ್ಕಲ್ಲ. ಚಿಕ್ಕಂದಿನಿಂದ ಬೇಕಿತ್ತು. ಕೇಳೋಕೆ ಒಂದು ನೆಪ ಸಿಕ್ಕಿರಲಿಲ್ಲ ಅಷ್ಟೆ." ನಾನು ಬೇರೆ ಉತ್ತರವನ್ನು ನಿರೀಕ್ಷಿಸಿ, ಬಾಹ್ಯಸೌಂದರ್ಯದ ನಶ್ವರತೆಯನ್ನು ಕುರಿತು ಒಂದು ಉಪದೇಶವನ್ನು ಸಿದ್ಧಮಾಡಿಕೊಂಡಿದ್ದೆ. ಅದನ್ನು ಅಲ್ಲಿಯೇ ನುಂಗಿಕೊಂಡೆ. ಹದಿನೈದು ವರ್ಷ ಕೈಯಿಂದ ನಗು ಮುಚ್ಚಿಕೊಂಡವಳಿಗೆ ಹಲ್ಲಿನ ಚಿಂತೆ ಕ್ಷುಲ್ಲಕವೆಂದು ಹೇಳಲು ನಾನಾರು? ಅಂದವನ್ನು ಬಯಸುವುದು ತಪ್ಪಲ್ಲ. ಅವಸರದಲ್ಲಿ, ಮತ್ತೊಬ್ಬರ ಮಾತಿಗೆ, ಮರಳಿ ಬಾರದ್ದನ್ನು ಕೊಟ್ಟು ಕೊಳ್ಳುವುದು ತಪ್ಪು.

ಅವಳು ತಾನೇ ನಿರ್ಧರಿಸಿದಳು. ಬೇರುನಾಳದ ಚಿಕಿತ್ಸೆಯಾಯಿತು. ಒಳಗಿನಿಂದ ಬಿಳಿಚುವ ಕೆಲಸ ಮೂರು ವಾರ ನಡೆಯಿತು. ಎರಡು ವಾರ ಬಿಟ್ಟು ಮುರಿದ ಮೂಲೆಗೆ ಕಾಂಪೊಸಿಟ್ ಹಚ್ಚಿದರು. ಪಿಂಗಾಣಿಯನ್ನು ಮುಂದಕ್ಕೆ ಇಟ್ಟಿದ್ದಾಳೆ. ಬೇಕಾದರೆ ನಲವತ್ತರ ಮೇಲೆ ನೋಡೋಣವೆಂದು ಅವಳ ಲೆಕ್ಕ. ತೀರ ಹತ್ತಿರದಿಂದ ಕಂಡರೆ ಆ ಹಲ್ಲು ಪಕ್ಕದ್ದಕ್ಕಿಂತ ಒಂದು ಛಾಯೆ ಬೇರೆಯೇ. ಬೇರಿನ ತುದಿಯ ಚುಕ್ಕೆ ಕುಗ್ಗುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ ನೋಡಬೇಕು.

ಮದುವೆಯ ದಿನ ಹುಡುಗನ ಅತ್ತೆ ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ನನ್ನ ತಂಗಿಗೆ ಹೇಳಿದರು: "ಪಿಂಗಾಣಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಗೊತ್ತೇ ಆಗಲ್ಲ." ತಂಗಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಮದುಮಗಳು ನಕ್ಕುಬಿಟ್ಟಳು. ಅವಳ ಬಲಗೈ ಮಡಿಲಲ್ಲಿಯೇ ಇತ್ತು.